ಸೆನೆನ್‌ಮುತ್

ಸೆನೆನ್‌ಮುತ್ ಪ್ರಾಚೀನ ಈಜಿಪ್ಟಿನ ಹದಿನೆಂಟನೆಯ ರಾಜವಂಶದ ಕಾಲದಲ್ಲಿದ್ದ ಓರ್ವ ಉನ್ನತ ರಾಜ್ಯಾಧಿಕಾರಿ. ಫೇರೋ ಪದವಿಯನ್ನು ಧರಿಸಿ ಆಳಿದ ರಾಣಿ ಹತ್ಶೆಪ್ಸುತ್‌ಳ (ಸುಮಾರು ಕ್ರಿ.ಪೂ. 1479–1458) ಅರಮನೆಯ ಮೇಲ್ವಿಚಾರಕನಾಗಿ, ಆಕೆಯ ಮಗಳು ನೆಫೆರೂರೆಯ ಪಾಲಕ-ಗುರುವಾಗಿ, ಥೀಬ್ಸ್ ನಗರದ ಅಮುನ್ ದೇವಾಲಯದ ಆಸ್ತಿಪಾಸ್ತಿಗಳ ಮಹಾ ವ್ಯವಸ್ಥಾಪಕನಾಗಿ ಮತ್ತು ರಾಜ ನಿರ್ಮಾಣಗಳ ಅಧ್ಯಕ್ಷನಾಗಿ ಈತನು ಕೆಲಸ ಮಾಡಿದನು. ಈತನ ಸ್ಮಾರಕಗಳಲ್ಲಿ ದೊರೆತಿರುವ ಬಿರುದು ಮತ್ತು ಹುದ್ದೆಗಳ ಸಂಖ್ಯೆ ಎಂಬತ್ತಕ್ಕೂ ಹೆಚ್ಚು. ರಾಜಮನೆತನಕ್ಕೆ ಸೇರದ ವ್ಯಕ್ತಿಯೊಬ್ಬನ ಸುಮಾರು 25 ಪ್ರತಿಮೆಗಳು ಉಳಿದು ಬಂದಿರುವುದು ಈಜಿಪ್ಟಿನ ಇತಿಹಾಸದಲ್ಲಿ ಅಪರೂಪದ ಸಂಗತಿಯಾಗಿದೆ.

ಸೆನೆನ್‌ಮುತ್ ಹುಟ್ಟಿದ್ದು ಸಾಮಾನ್ಯ ಕುಟುಂಬದಲ್ಲಿ. ಆತನ ತಂದೆಗೆ ಯಾವ ಸರಕಾರಿ ಹುದ್ದೆಯೂ ಇದ್ದಂತೆ ದಾಖಲೆಯಿಲ್ಲ. ತಂದೆಯ ಕೆಲಸ ಮಗನಿಗೆ ಬರುವುದೇ ರೂಢಿಯಾಗಿದ್ದ ಸಮಾಜದಲ್ಲಿ ಇಂತಹ ಮನೆಯ ಹುಡುಗನೊಬ್ಬನು ರಾಜ್ಯದ ಅತ್ಯುಚ್ಚ ಅಧಿಕಾರಿಗಳ ಸಾಲಿಗೆ ಏರಿದುದರಿಂದ, ಪ್ರಾಚೀನ ಈಜಿಪ್ಟಿನ ಸಾಮಾಜಿಕ ವರ್ಗಗಳನ್ನೂ ಆಡಳಿತ ವ್ಯವಸ್ಥೆಯನ್ನೂ ಅಧ್ಯಯನ ಮಾಡುವವರಿಗೆ ಈತನ ಜೀವನವು ಒಂದು ಮುಖ್ಯ ಆಕರವಾಗಿದೆ.

ಅಂದಿನ ಸಮಾಜ ಮತ್ತು ಆಡಳಿತ

ಶಾಲಾ ಪುಸ್ತಕಗಳಲ್ಲಿ ಈಜಿಪ್ಟಿನ ಸಮಾಜವನ್ನು ಒಂದು ಪಿರಮಿಡ್ಡಿನ ಚಿತ್ರದಿಂದ ವಿವರಿಸುವುದು ವಾಡಿಕೆ. ತುದಿಯಲ್ಲಿ ಫೇರೋ, ಅವನ ಕೆಳಗೆ ವಜೀರ, ಅನಂತರ ಅರ್ಚಕರು ಮತ್ತು ಅಧಿಕಾರಿಗಳು, ಲಿಪಿಕಾರರು, ಸೈನಿಕರು, ಕುಶಲಕರ್ಮಿಗಳು, ತಳದಲ್ಲಿ ರೈತರು ಮತ್ತು ಗುಲಾಮರು. ಸ್ಥೂಲವಾಗಿ ಇದು ತಪ್ಪಲ್ಲ. ಆದರೆ ಈ ಚಿತ್ರವು ಎರಡು ವಿಷಯಗಳನ್ನು ಮರೆಮಾಡುತ್ತದೆ. ಮೊದಲನೆಯದು, ಒಬ್ಬನೇ ವ್ಯಕ್ತಿಯು ಏಕಕಾಲದಲ್ಲಿ ಅರ್ಚಕನೂ ಲಿಪಿಕಾರನೂ ಕಣಜದ ಅಧಿಕಾರಿಯೂ ಆಗಿರಬಹುದಾಗಿತ್ತು. ಎರಡನೆಯದು, ಮೇಲೇರುವ ದಾರಿಗಳು ಕಿರಿದಾಗಿದ್ದರೂ ಸಂಪೂರ್ಣವಾಗಿ ಮುಚ್ಚಿರಲಿಲ್ಲ.

ಈಜಿಪ್ಟಿನವರು ತಮ್ಮ ಸಮಾಜವನ್ನು ಮುಖ್ಯವಾಗಿ ಎರಡು ಪದಗಳಿಂದ ಗುರುತಿಸುತ್ತಿದ್ದರು. ಪುರಾತನ ಕುಲೀನ ವರ್ಗಕ್ಕೆ ಪಾತ್ ಎಂದೂ ಸಾಮಾನ್ಯ ಜನಸಮೂಹಕ್ಕೆ ರೆಖಿತ್ ಎಂದೂ ಹೆಸರು. ರೆಖಿತ್ ಪದವನ್ನು ಬರೆಯುವಾಗ ಟಿಟ್ಟಿಭ ಹಕ್ಕಿಯ ಚಿತ್ರವನ್ನು ಬಳಸುತ್ತಿದ್ದರು. ಅನೇಕ ಕಡೆ ಆ ಹಕ್ಕಿಯ ರೆಕ್ಕೆಗಳನ್ನು ಹಾರಲಾಗದಂತೆ ಹೆಣೆದು ತೋರಿಸಲಾಗಿದೆ. ಆಳುವವರು ಆಳಿಸಿಕೊಳ್ಳುವವರನ್ನು ಹೇಗೆ ಕಾಣುತ್ತಿದ್ದರು ಎಂಬುದಕ್ಕೆ ಈ ಅಕ್ಷರವೊಂದೇ ಸಾಕು.

ರೆಖಿತ್ ವರ್ಗದ ಬಹುಪಾಲು ಜನರು ರೈತರು. ನೈಲ್ ನದಿಯ ಪ್ರವಾಹವು ಇಳಿದ ಮೇಲೆ ಬಿತ್ತಿ, ಬೇಸಿಗೆಯ ಮೊದಲು ಕೊಯ್ದು, ಬೆಳೆಯ ಒಂದು ಪಾಲನ್ನು ರಾಜನ ಅಥವಾ ದೇವಾಲಯದ ಕಣಜಕ್ಕೆ ಅಳೆದುಕೊಡುವುದು ಅವರ ಬದುಕಾಗಿತ್ತು. ಪ್ರವಾಹದ ತಿಂಗಳುಗಳಲ್ಲಿ ಕಾಲುವೆ, ಕಟ್ಟಡ, ಕಲ್ಲುಗಣಿಗಳ ಕೆಲಸಕ್ಕೆ ಅವರನ್ನು ಬಿಟ್ಟಿಯಾಗಿ ಕರೆಯಲಾಗುತ್ತಿತ್ತು. ನಾಣ್ಯಗಳು ಬಳಕೆಯಲ್ಲಿರಲಿಲ್ಲವಾದುದರಿಂದ ತೆರಿಗೆಯೂ ಕೂಲಿಯೂ ಧಾನ್ಯ, ರೊಟ್ಟಿ, ಬೀರು, ಬಟ್ಟೆ, ಎಣ್ಣೆಗಳ ರೂಪದಲ್ಲಿಯೇ ನಡೆಯುತ್ತಿದ್ದವು. ಹೀಗೆ ಬಂದ ಪ್ರತಿಯೊಂದು ಅಳತೆಯನ್ನೂ ಬರೆದಿಡಬೇಕಾಗಿತ್ತು. ಬರೆಯಬಲ್ಲವರು ನೂರಕ್ಕೆ ಕೆಲವೇ ಮಂದಿ. ಲಿಪಿಕಾರನಿಗೆ ದೊರೆತಿದ್ದ ಗೌರವದ ಮೂಲ ಇಲ್ಲಿದೆ. ರಾಜ್ಯವು ನಿಂತಿದ್ದುದು ಕತ್ತಿಯ ಮೇಲೆ ಎಷ್ಟೋ, ಲೆಕ್ಕದ ಮೇಲೆಯೂ ಅಷ್ಟೇ.

ಫೇರೋನ ನಂತರದ ಸ್ಥಾನ ವಜೀರನದು. ಈಜಿಪ್ಟಿನ ಭಾಷೆಯಲ್ಲಿ ಆತನಿಗೆ ಚಾತಿ ಎಂದು ಹೆಸರು. ಹದಿನೆಂಟನೆಯ ರಾಜವಂಶದಲ್ಲಿ ದಕ್ಷಿಣಕ್ಕೊಬ್ಬ, ಉತ್ತರಕ್ಕೊಬ್ಬ ಹೀಗೆ ಇಬ್ಬರು ವಜೀರರಿದ್ದರು. ನ್ಯಾಯದಾನ, ಭೂವಿವಾದಗಳ ವಿಚಾರಣೆ, ಜಿಲ್ಲಾಧಿಕಾರಿಗಳ ವರದಿಗಳ ಪರಿಶೀಲನೆ, ಕೋಶಾಧಿಕಾರಿಯೊಡನೆ ದಿನನಿತ್ಯದ ಸಮಾಲೋಚನೆ ಇವೆಲ್ಲ ಅವರ ಕರ್ತವ್ಯಗಳಾಗಿದ್ದವು. ಥೀಬ್ಸಿನ ಸಮೀಪದ ಹೊಲದ ತಕರಾರನ್ನು 3 ದಿನಗಳಲ್ಲಿ, ದೂರದ ಹೊಲದ ತಕರಾರನ್ನು 2 ತಿಂಗಳುಗಳಲ್ಲಿ ಇತ್ಯರ್ಥ ಮಾಡಬೇಕೆಂಬ ನಿಯಮವನ್ನು ವಜೀರ ರೆಖ್ಮಿರೆಯ ಸಮಾಧಿಯ ಗೋಡೆಯ ಮೇಲೆ ಇಂದಿಗೂ ಓದಬಹುದು. ನಮ್ಮ ಕಾಲದ ಕಚೇರಿಗಳನ್ನು ಕಂಡವರಿಗೆ ಈ ಅವಧಿಯು ಕೊಂಚ ಆಶ್ಚರ್ಯ ಹುಟ್ಟಿಸಬಹುದು.

ಈ ಹುದ್ದೆಗಳಿಗೆ ಯಾರನ್ನು ನೇಮಿಸಬೇಕೆಂಬುದು ಫೇರೋನ ಇಚ್ಛೆಗೆ ಬಿಟ್ಟದ್ದು. ಆದರೆ ನಡೆದು ಬಂದದ್ದು ವಂಶಾನುಕ್ರಮವಾಗಿಯೇ. ಸೆನೆನ್‌ಮುತ್‌ನ ಕಾಲದ ದಕ್ಷಿಣದ ವಜೀರರನ್ನೇ ನೋಡಿದರೆ ಅಹ್ಮೋಸ್ ಆಮೆಚು, ಆತನ ಮಗ ಉಸೆರಾಮುನ್, ಉಸೆರಾಮುನ್‌ನ ಸೋದರನ ಮಗ ರೆಖ್ಮಿರೆ ಎಂದು ಒಂದೇ ಮನೆತನದ ಮೂರು ತಲೆಮಾರುಗಳು ಆ ಪೀಠವನ್ನು ಅಲಂಕರಿಸಿದುದು ಕಂಡುಬರುತ್ತದೆ. ಅಮುನ್ ದೇವಾಲಯದ ಪ್ರಧಾನ ಅರ್ಚಕ ಹಪುಸೆನೆಬ್ ಕೂಡ ಅರ್ಚಕ ಕುಟುಂಬದಲ್ಲಿ ಹುಟ್ಟಿದವನು. ಆತನ ತಂದೆ ಅದೇ ದೇವಾಲಯದ ಮಂತ್ರಪಾಠಕನಾಗಿದ್ದನು.

ಹುಟ್ಟಿನ ಬಲವಿಲ್ಲದವರಿಗೆ ತೆರೆದಿದ್ದ ದಾರಿಗಳು ಮುಖ್ಯವಾಗಿ ಎರಡು, ಸೈನ್ಯ ಮತ್ತು ಲೇಖನಿ. ಹೈಕ್ಸೋಸ್ ದೊರೆಗಳನ್ನು ಹೊರಗಟ್ಟಿದ ಯುದ್ಧಗಳಲ್ಲಿ ಹೋರಾಡಿದ ನಾವಿಕ, ಎಬಾನಾಳ ಮಗ ಅಹ್ಮೋಸ್ ಎಂಬಾತನು 7 ಬಾರಿ ಬಂಗಾರದ ಬಹುಮಾನವನ್ನೂ ಹೊಲಗಳನ್ನೂ ಗುಲಾಮರನ್ನೂ ಪಡೆದು ತನ್ನೂರಾದ ಎಲ್‌ಕಾಬ್‌ನಲ್ಲಿ ಭೂಮಾಲೀಕನಾಗಿ ನಿಂತುದು ಮೊದಲನೆಯ ದಾರಿಗೆ ಪ್ರಸಿದ್ಧ ನಿದರ್ಶನ. ಸೆನೆನ್‌ಮುತ್ ಹಿಡಿದದ್ದು ಎರಡನೆಯದನ್ನು.

ಜನನ ಮತ್ತು ಕುಟುಂಬ

ಸೆನೆನ್‌ಮುತ್‌ನ ಊರು ಇಯುನಿ. ಇಂದು ಅರ್ಮಾಂತ್ ಎಂದು ಕರೆಯಲ್ಪಡುವ ಈ ಪಟ್ಟಣವು ಥೀಬ್ಸಿನಿಂದ ದಕ್ಷಿಣಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ ನೈಲ್ ನದಿಯ ಪಶ್ಚಿಮ ದಂಡೆಯ ಮೇಲಿದೆ. ಯುದ್ಧದೇವತೆಯಾದ ಮೊಂತುವಿನ ಪ್ರಾಚೀನ ದೇವಾಲಯದಿಂದ ಈ ಊರು ಪ್ರಸಿದ್ಧವಾಗಿತ್ತು. ತಂದೆಯ ಹೆಸರು ರಾಮೋಸ್, ತಾಯಿ ಹತ್ನೋಫೆರ್. ಅಮೆನೆಮ್‌ಹತ್, ಮಿನ್‌ಹೊತೆಪ್, ಪೈರಿ ಎಂಬ ಸಹೋದರರೂ ಅಹ್‌ಹೊತೆಪ್, ನೊಫ್ರೆತ್‌ಹೊರ್ ಎಂಬ ಸಹೋದರಿಯರೂ ಆತನಿಗಿದ್ದರು. ಸೆನೆನ್‌ಮುತ್ ಎಂಬ ಹೆಸರಿಗೆ ತಾಯಿಯ ಸಹೋದರ ಎಂದು ಅರ್ಥ. ಹಳೆಯ ಪುಸ್ತಕಗಳಲ್ಲಿ ಇದನ್ನು ಸೆನ್‌ಮುತ್ ಎಂದು ಬರೆದಿರುವುದನ್ನು ಕಾಣಬಹುದು.

ಈ ಕುಟುಂಬದ ಸ್ಥಿತಿಗತಿಗಳ ಬಗ್ಗೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ದೊರೆತದ್ದು 1936ರಲ್ಲಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ವಸ್ತುಸಂಗ್ರಹಾಲಯದ ಪರವಾಗಿ ಆಂಬ್ರೋಸ್ ಲ್ಯಾನ್ಸಿಂಗ್ ಮತ್ತು ವಿಲಿಯಂ ಹೇಯ್ಸ್ ಅವರು ಥೀಬ್ಸಿನ ಪಶ್ಚಿಮ ದಂಡೆಯಲ್ಲಿ ಅಗೆಯುತ್ತಿದ್ದಾಗ, ಸೆನೆನ್‌ಮುತ್‌ನ ಸಮಾಧಿಯ ಕೆಳಗಿನ ಇಳಿಜಾರಿನಲ್ಲಿ ಒಂದು ಪುಟ್ಟ ಕೋಣೆ ಪತ್ತೆಯಾಯಿತು. ಕಳ್ಳರ ಕೈ ತಾಗದೆ ಉಳಿದಿದ್ದ ಆ ಕೋಣೆಯಲ್ಲಿ ಆತನ ತಂದೆತಾಯಿಗಳನ್ನು ಹೂಳಲಾಗಿತ್ತು.

ಇಬ್ಬರ ಶವಸಂಸ್ಕಾರಗಳ ನಡುವಿನ ವ್ಯತ್ಯಾಸವು ಗಮನಾರ್ಹವಾದುದು. ಸುಮಾರು 60 ವರ್ಷ ವಯಸ್ಸಿನಲ್ಲಿ ತೀರಿಕೊಂಡಿದ್ದ ಹತ್ನೋಫೆರಳ ದೇಹವನ್ನು ವಿಧಿವತ್ತಾಗಿ ಸಂರಕ್ಷಿಸಿ, ಚಿನ್ನದ ಲೇಪವುಳ್ಳ ಮುಖವಾಡ ತೊಡಿಸಿ, ಮಾನವಾಕಾರದ ಶವಪೆಟ್ಟಿಗೆಯಲ್ಲಿ ಇರಿಸಲಾಗಿತ್ತು. ಚಿನ್ನದಲ್ಲಿ ಕೂರಿಸಿದ ಹಸಿರು ಕಲ್ಲಿನ ಹೃದಯ ಜೀರುಂಡೆ, ಒಳಾಂಗಗಳ ಪೆಟ್ಟಿಗೆ, ಪಪೈರಸ್ ಸುರುಳಿಗಳು ಆಕೆಯ ಜೊತೆಗಿದ್ದವು. ರಾಮೋಸನ ಪೆಟ್ಟಿಗೆಯಲ್ಲಿದ್ದುದಾದರೋ ಬಟ್ಟೆಯಲ್ಲಿ ಸುತ್ತಿದ ಬರಿಯ ಎಲುಬುಗಳು. ಮಗನು ದೊಡ್ಡವನಾಗುವುದಕ್ಕೆ ಬಹಳ ಮೊದಲೇ ತಂದೆಯು ತೀರಿಕೊಂಡು, ಊರಿನ ಯಾವುದೋ ಸಾಧಾರಣ ಗುಂಡಿಯಲ್ಲಿ ಹೂಳಲ್ಪಟ್ಟಿದ್ದನೆಂದೂ, ತಾಯಿಯ ಮರಣದ ಸಂದರ್ಭದಲ್ಲಿ ಮಗನು ತಂದೆಯ ಅವಶೇಷಗಳನ್ನು ತೆಗೆಸಿ ತಂದು ತಾಯಿಯ ಪಕ್ಕದಲ್ಲಿ ಇರಿಸಿದನೆಂದೂ ಇದರಿಂದ ತಿಳಿಯಲಾಗಿದೆ. ಅವರೊಡನೆ ಹೆಸರು ಬರೆಯದ ಇನ್ನೂ ಆರು ಮಂದಿ ಸ್ತ್ರೀಯರ ಮತ್ತು ಮಕ್ಕಳ ದೇಹಗಳೂ ಇದ್ದವು. ಬಹುಶಃ ಮೊದಲೇ ಗತಿಸಿದ ಬಂಧುಗಳನ್ನೂ ಆತನು ಒಟ್ಟುಗೂಡಿಸಿರಬೇಕು.

ರಾಮೋಸನಿಗೆ ಶಾಸನಗಳಲ್ಲಿ ದೊರೆಯುವ ಏಕೈಕ ವಿಶೇಷಣ ಸಾಬ್. ಗೌರವಾನ್ವಿತ ಎಂಬಂತಹ ಈ ಮಾತನ್ನು ಹುದ್ದೆಯಿಲ್ಲದೆ ಮೃತರಾದ ಹಿರಿಯರಿಗೆ ಮಕ್ಕಳು ಮರ್ಯಾದೆಗಾಗಿ ಸೇರಿಸುತ್ತಿದ್ದರು. ಹತ್ನೋಫೆರಳಿಗೆ ಇರುವುದು ಮನೆಯೊಡತಿ ಎಂಬ ಬಿರುದು ಮಾತ್ರ. ಅದು ವಿವಾಹಿತ ಸ್ತ್ರೀಯರಿಗೆಲ್ಲ ಸಲ್ಲುತ್ತಿದ್ದುದು. ಆದರೂ ಮಗನನ್ನು ಓದುಬರಹಕ್ಕೆ ಹಚ್ಚುವಷ್ಟು ಅನುಕೂಲವು ಈ ಕುಟುಂಬಕ್ಕೆ ಇದ್ದಿರಲೇಬೇಕು. ತೀರ ಬಡ ರೈತನ ಮಗನಿಗೆ ಲಿಪಿಕಾರರ ಶಾಲೆಯ ಬಾಗಿಲು ತೆರೆಯುತ್ತಿರಲಿಲ್ಲ. ಆದುದರಿಂದ ಸೆನೆನ್‌ಮುತ್‌ನನ್ನು ತಳವರ್ಗದವನೆಂದು ಕರೆಯುವುದಕ್ಕಿಂತ ಸಣ್ಣ ಪಟ್ಟಣದ, ಅಕ್ಷರಸ್ಥ ವರ್ಗದ ಅಂಚಿನಲ್ಲಿದ್ದ ಮನೆಯವನೆಂದು ಕರೆಯುವುದು ಹೆಚ್ಚು ಸರಿಯಾದೀತು.

ಇದೇ ಕೋಣೆಯಲ್ಲಿ ಇತಿಹಾಸದ ದೃಷ್ಟಿಯಿಂದ ಬಂಗಾರಕ್ಕಿಂತ ಹೆಚ್ಚು ಬೆಲೆಬಾಳುವ ವಸ್ತುಗಳೂ ದೊರೆತವು. ಅವು ಕೆಲವು ಮಣ್ಣಿನ ಜಾಡಿಗಳು. ಒಂದರ ಮೇಲೆ 7ನೆಯ ಆಳ್ವಿಕೆಯ ವರ್ಷದ ದಿನಾಂಕವಿದೆ. ಇನ್ನೊಂದರ ಮುದ್ರೆಯಲ್ಲಿ ಹತ್ಶೆಪ್ಸುತ್‌ಳನ್ನು ದೇವಪತ್ನಿ ಎಂದೂ, ಮತ್ತೆ ಕೆಲವು ಮುದ್ರೆಗಳಲ್ಲಿ ಆಕೆಯ ಸಿಂಹಾಸನನಾಮವಾದ ಮಾಟ್‌ಕಾರೆ ಎಂದೂ ನಮೂದಿಸಲಾಗಿದೆ. ಕೋಣೆಯು ಮುಚ್ಚಿದ ಮೇಲೆ ಯಾರೂ ತೆರೆದಿರಲಿಲ್ಲವಾದುದರಿಂದ, 7ನೆಯ ವರ್ಷದ ಹೊತ್ತಿಗೆ ಹತ್ಶೆಪ್ಸುತ್ ರಾಜಪ್ರತಿನಿಧಿಯ ಸ್ಥಾನದಿಂದ ಫೇರೋ ಪದವಿಗೆ ಏರಿದ್ದಳೆಂಬ ನಿರ್ಣಯಕ್ಕೆ ಈ ಜಾಡಿಗಳು ಮುಖ್ಯ ಆಧಾರವಾದವು.

ಅರಮನೆಯ ಸೇವೆ

ಸೆನೆನ್‌ಮುತ್ ಅರಮನೆಯನ್ನು ಸೇರಿದ್ದು ಎರಡನೆಯ ಥುಟ್ಮೋಸನ ಕಾಲದಲ್ಲಿಯೋ ಅದಕ್ಕಿಂತ ಸ್ವಲ್ಪ ಮೊದಲೋ ಇರಬಹುದೆಂದು ವಿದ್ವಾಂಸರ ಊಹೆ. ಎರಡನೆಯ ಥುಟ್ಮೋಸನು ಅಲ್ಪಕಾಲ ಆಳಿ ಮರಣಹೊಂದಿದಾಗ, ಕಿರಿಯ ಪತ್ನಿಯಲ್ಲಿ ಹುಟ್ಟಿದ್ದ ಆತನ ಮಗನು ಇನ್ನೂ ಬಾಲಕ. ಆ ಬಾಲಕನೇ ಮುಂದೆ ಮೂರನೆಯ ಥುಟ್ಮೋಸ್ ಎಂದು ಪ್ರಸಿದ್ಧನಾದನು. ಅವನ ಹೆಸರಿನಲ್ಲಿ ಪಟ್ಟದ ರಾಣಿ ಹತ್ಶೆಪ್ಸುತ್ ರಾಜ್ಯಭಾರವನ್ನು ವಹಿಸಿಕೊಂಡಳು. ಈ ಹಂತದಲ್ಲಿ ಸೆನೆನ್‌ಮುತ್ ಆಗಲೇ ರಾಣಿಯ ಸ್ವಂತ ಆಸ್ತಿಯ ಮತ್ತು ರಾಜಕುಮಾರಿ ನೆಫೆರೂರೆಯ ಆಸ್ತಿಯ ವ್ಯವಸ್ಥಾಪಕನಾಗಿದ್ದನು.

ರಾಜಕುಮಾರಿಯ ಪಾಲಕ-ಗುರು ಎಂಬ ಪದವಿಯು ಹೆಸರಿಗೆ ಮಾತ್ರ ಪಾಠ ಹೇಳುವ ಕೆಲಸ. ರಾಜಮಕ್ಕಳ ಸಂಪರ್ಕ, ಅಂತಃಪುರದ ನಂಬಿಕೆ, ಫೇರೋನ ಕಿವಿಗೆ ನೇರವಾದ ದಾರಿ ಇವೆಲ್ಲ ಅದರೊಡನೆ ಬರುತ್ತಿದ್ದವು. ನೆಫೆರೂರೆಯು ಹಾಲುಗೂಸಾಗಿದ್ದಾಗ ಆಕೆಯನ್ನು ನೋಡಿಕೊಂಡವನು ಎಲ್‌ಕಾಬ್‌ನ ಹಿರಿಯ ಯೋಧ ಅಹ್ಮೋಸ್ ಪೆನ್‌ನೆಖ್ಬೆತ್. ಅವನ ಬಳಿಕ ಆ ಹೊಣೆ ಸೆನೆನ್‌ಮುತ್‌ನದಾಯಿತು. ಅನೇಕ ರಾಜರ ಕೈಕೆಳಗೆ ಯುದ್ಧ ಮಾಡಿದ್ದ ವೀರನು ಬಿಟ್ಟ ಸ್ಥಾನಕ್ಕೆ ಲೆಕ್ಕಪತ್ರದ ಮನುಷ್ಯನೊಬ್ಬನು ಬಂದುದು ಕಾಲದ ಬದಲಾವಣೆಯನ್ನು ಸೂಚಿಸುತ್ತದೆ.

ಈ ಗುರುಶಿಷ್ಯ ಸಂಬಂಧವನ್ನು ಸೆನೆನ್‌ಮುತ್ ಶಿಲೆಯಲ್ಲಿ ಮತ್ತೆ ಮತ್ತೆ ಕಡೆಸಿದನು. ಒಂದರಲ್ಲಿ ಆತನು ನೆಲದ ಮೇಲೆ ಕುಳಿತು ಮಗುವನ್ನು ಮೇಲುಹೊದಿಕೆಯೊಳಗೆ ಸುತ್ತಿಕೊಂಡಿದ್ದಾನೆ. ಘನಾಕೃತಿಯ ಕಲ್ಲಿನಿಂದ ಎರಡು ತಲೆಗಳು ಮಾತ್ರ ಹೊರಚಾಚಿವೆ. ಇನ್ನೊಂದರಲ್ಲಿ ಮೊಣಕಾಲನ್ನು ಮಡಿಸಿ ಮಗುವನ್ನು ಅದಕ್ಕೆ ಒರಗಿಸಿಕೊಂಡಿದ್ದಾನೆ. ಮತ್ತೊಂದರಲ್ಲಿ ನಿಂತು, ಎತ್ತಿಕೊಂಡು ನಡೆಯುವಂತಿದ್ದಾನೆ. ಅಧಿಕಾರಿಯೊಬ್ಬನು ರಾಜಮಗುವನ್ನು ಅಪ್ಪಿಕೊಂಡಿರುವಂತೆ ದೇವಾಲಯದಲ್ಲಿ ಪ್ರತಿಮೆ ನಿಲ್ಲಿಸುವುದು ಅದುವರೆಗೆ ಕಾಣದಿದ್ದ ಸಂಗತಿ. ಅದರಲ್ಲಿ ವಾತ್ಸಲ್ಯ ಎಷ್ಟು, ಅಧಿಕಾರದ ಪ್ರದರ್ಶನ ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಎರಡೂ ಇದ್ದವೆಂದು ನಂಬುವುದಕ್ಕೆ ಆ ಮುಖಗಳನ್ನು ನೋಡಿದರೆ ಸಾಕು.

ಅಮುನ್ ದೇವಾಲಯದ ಮಹಾ ವ್ಯವಸ್ಥಾಪಕ

ಹತ್ಶೆಪ್ಸುತ್ ಫೇರೋ ಆದ ಮೇಲೆ ಸೆನೆನ್‌ಮುತ್‌ನ ಅಧಿಕಾರದ ಮುಖ್ಯ ನೆಲೆಯು ಕಾರ್ನಾಕ್‌ನ ಅಮುನ್ ದೇವಾಲಯಕ್ಕೆ ಬದಲಾಯಿತು. ಆತನು ಅಮುನ್‌ನ ಮಹಾ ವ್ಯವಸ್ಥಾಪಕ ಎನ್ನಿಸಿಕೊಂಡನು. ಅದರ ಅಡಿಯಲ್ಲಿ ಅಮುನ್‌ನ ಕಣಜಗಳ ಅಧ್ಯಕ್ಷ, ದನಕರುಗಳ ಅಧ್ಯಕ್ಷ, ಹೊಲಗಳ ಅಧ್ಯಕ್ಷ, ತೋಟಗಳ ಅಧ್ಯಕ್ಷ, ನಿರ್ಮಾಣಗಳ ಅಧ್ಯಕ್ಷ ಮುಂತಾದ ಹುದ್ದೆಗಳ ದೊಡ್ಡ ಪಟ್ಟಿಯೇ ಇದೆ. ಇವುಗಳಲ್ಲಿ ಕೆಲವು ನಿಜವಾದ ಕೆಲಸಗಳು, ಕೆಲವು ಬರಿಯ ಗೌರವಗಳು. ಇಂದಿನ ಓದುಗರು ಎಲ್ಲವನ್ನೂ ಒಂದೇ ತೂಕದಲ್ಲಿ ಎಣಿಸಬಾರದು.

ದೇವಾಲಯ ಎಂದ ಕೂಡಲೇ ಪೂಜಾಸ್ಥಳವನ್ನು ಮಾತ್ರ ನೆನೆಯಬಾರದು. ಅಮುನ್ ದೇವಾಲಯವು ಹೊಲ, ದ್ರಾಕ್ಷಿತೋಟ, ದನದ ಹಿಂಡು, ನೇಕಾರಿಕೆಯ ಮನೆ, ಹಡಗು, ಗಣಿಗಳನ್ನು ಹೊಂದಿದ್ದ ಒಂದು ಬೃಹತ್ ಆರ್ಥಿಕ ಸಂಸ್ಥೆಯಾಗಿತ್ತು. ಅದರ ಗಾತ್ರದ ಅಂದಾಜು ಮೂರು ಶತಮಾನಗಳ ಅನಂತರದ ಹ್ಯಾರಿಸ್ ಪಪೈರಸ್ಸಿನಿಂದ ದೊರೆಯುತ್ತದೆ. ಮೂರನೆಯ ರಾಮ್ಸೆಸನ ಕಾಲದ ಆ ದಾಖಲೆಯಲ್ಲಿ ಥೀಬ್ಸಿನ ದೇವಾಲಯಗಳಿಗೆ ಸೇರಿದ 86,000ಕ್ಕೂ ಹೆಚ್ಚು ಜನರು ಮತ್ತು 4 ಲಕ್ಷಕ್ಕೂ ಹೆಚ್ಚು ದನಕರುಗಳ ಲೆಕ್ಕವಿದೆ. ಸೆನೆನ್‌ಮುತ್‌ನ ಕಾಲದಲ್ಲಿ ಇದು ಇನ್ನೂ ಬೆಳೆಯುತ್ತಿದ್ದ ಹಂತ. ಮಂತ್ರ ಹೇಳುವ ಪ್ರಧಾನ ಅರ್ಚಕನ ಹುದ್ದೆಯಷ್ಟೇ, ಧಾನ್ಯ ಅಳೆಯುವ ವ್ಯವಸ್ಥಾಪಕನ ಹುದ್ದೆಯೂ ಪ್ರಬಲವಾಗಿದ್ದುದು ಈ ಕಾರಣದಿಂದ. ದೇವಾಲಯದ ಆಡಳಿತದಲ್ಲಿ ತನ್ನ ನಂಬಿಕೆಯ ಮನುಷ್ಯನಿರುವುದು, ಸಂಪ್ರದಾಯವನ್ನು ಮೀರಿ ಪಟ್ಟವೇರಿದ್ದ ರಾಣಿಗೆ ಅತ್ಯವಶ್ಯಕವೂ ಆಗಿತ್ತು.

ಸೆನೆನ್‌ಮುತ್‌ನ ಬಿರುದುಗಳಲ್ಲಿ ಇರಿ-ಪಾತ್ ಎಂಬುದೂ ಒಂದು. ಪಾತ್ ವರ್ಗಕ್ಕೆ, ಅಂದರೆ ಪುರಾತನ ಕುಲೀನರಿಗೆ ಸೇರಿದವನು ಎಂಬುದು ಅದರ ಮೂಲಾರ್ಥ. ಇಯುನಿಯ ರಾಮೋಸನ ಮಗನಿಗೆ ಅದು ಹುಟ್ಟಿನಿಂದ ಬಂದದ್ದಲ್ಲ, ರಾಣಿಯಿಂದ ಬಂದದ್ದು.

ಕಾಲದ ಇತರ ಅಧಿಕಾರಿಗಳಲ್ಲಿ ಪ್ರಧಾನ ಅರ್ಚಕ ಹಪುಸೆನೆಬ್, ವಜೀರ ಉಸೆರಾಮುನ್, ಮುದ್ರಾಧಿಕಾರಿ ನೆಹೆಸಿ, ಕೋಶಾಗಾರದ ಅಧ್ಯಕ್ಷ ಜೆಹೂತಿ ಪ್ರಮುಖರು. 9ನೆಯ ವರ್ಷದಲ್ಲಿ ಕೆಂಪು ಸಮುದ್ರದ ಮಾರ್ಗವಾಗಿ ಪುಂಟ್ ದೇಶಕ್ಕೆ ಹೋದ ಪ್ರಸಿದ್ಧ ವಾಣಿಜ್ಯ ಯಾತ್ರೆಯ ಹೊಣೆ ನೆಹೆಸಿಯದಾಗಿತ್ತು. ಧೂಪದ ಮರಗಳನ್ನು ಬೇರುಸಹಿತ ಬುಟ್ಟಿಗಳಲ್ಲಿ ಹೊತ್ತು ತಂದ ಆ ಯಾತ್ರೆಯ ಉಬ್ಬುಶಿಲ್ಪಗಳಲ್ಲಿ ಸೆನೆನ್‌ಮುತ್‌ನನ್ನೂ ರಾಣಿಯ ಸಮ್ಮುಖದಲ್ಲಿ ತೋರಿಸಲಾಗಿತ್ತು. ಸೆನೆನ್‌ಮುತ್ ವಜೀರನಾಗಲಿ ಪ್ರಧಾನ ಅರ್ಚಕನಾಗಲಿ ಎಂದೂ ಆಗಲಿಲ್ಲ. ಆ ಪೀಠಗಳು ಹಳೆಯ ಮನೆತನಗಳಲ್ಲಿಯೇ ಉಳಿದವು. ರಾಣಿಯ ಸ್ನೇಹಕ್ಕೂ ಒಂದು ಮಿತಿಯಿತ್ತೆಂದು, ಅಥವಾ ಹಳೆಯ ಮನೆತನಗಳನ್ನು ಎದುರು ಹಾಕಿಕೊಳ್ಳದಷ್ಟು ವಿವೇಕವು ಆಕೆಗಿತ್ತೆಂದು ಇದರಿಂದ ತಿಳಿಯಬಹುದು.

ನಿರ್ಮಾಣ ಕಾರ್ಯಗಳು

ಆಸ್ವಾನ್‌ನ ಗ್ರಾನೈಟ್ ಗಣಿಯ ಬಳಿ ಬಂಡೆಯ ಮೇಲೆ ಒಂದು ಶಾಸನಚಿತ್ರವಿದೆ. ಅದರಲ್ಲಿ ಸೆನೆನ್‌ಮುತ್ ಹತ್ಶೆಪ್ಸುತ್‌ಳ ಎದುರು ನಿಂತಿದ್ದಾನೆ. ಎರಡು ಬೃಹತ್ ಏಕಶಿಲಾ ಸ್ತಂಭಗಳನ್ನು ಕಡಿಸುವ ಕೆಲಸದ ಮೇಲ್ವಿಚಾರಣೆಗೆ ಆತನು ಅಲ್ಲಿಗೆ ಬಂದಿದ್ದನೆಂದು ಬರಹವು ತಿಳಿಸುತ್ತದೆ. ಆ ಚಿತ್ರದಲ್ಲಿ ಹತ್ಶೆಪ್ಸುತ್ ಇನ್ನೂ ಫೇರೋ ಆಗಿಲ್ಲ, ರಾಣಿಯ ವೇಷದಲ್ಲಿಯೇ ಇದ್ದಾಳೆ. ಇಂತಹ ಸ್ತಂಭವನ್ನು ಗಟ್ಟಿ ಕಲ್ಲಿನ ಗುಂಡುಗಳಿಂದ ಜಜ್ಜಿ ಜಜ್ಜಿ ಬಂಡೆಯಿಂದ ಬೇರ್ಪಡಿಸಿ, ನದಿಯ ಪ್ರವಾಹಕಾಲದಲ್ಲಿ ದೋಣಿಗೇರಿಸಿ, 200 ಕಿ.ಮೀ. ಕೆಳಗಿನ ಥೀಬ್ಸಿಗೆ ಸಾಗಿಸಬೇಕಾಗಿತ್ತು. ಸಾವಿರಾರು ಕೂಲಿಗಳ ಊಟ, ಹಗ್ಗ, ಮರ, ದೋಣಿಗಳ ಲೆಕ್ಕವಿಡುವುದೇ ಅಧ್ಯಕ್ಷನ ನಿಜವಾದ ಕೆಲಸ.

ಹತ್ಶೆಪ್ಸುತ್‌ಳ ಕಾಲದ ಶ್ರೇಷ್ಠ ಕಟ್ಟಡವು ದೇರ್ ಅಲ್-ಬಹ್ರಿಯ ಸ್ಮಾರಕ ದೇವಾಲಯ. ಜೆಸೆರ್-ಜೆಸೆರು ಎಂಬುದು ಅದರ ಅಂದಿನ ಹೆಸರು. ಕಡಿದಾದ ಬಂಡೆಯ ಬುಡದಲ್ಲಿ ಮೂರು ಹಂತಗಳ ಜಗಲಿಗಳೂ ಕಂಬಗಳ ಸಾಲುಗಳೂ ಉಳ್ಳ ಈ ದೇವಾಲಯದ ವಾಸ್ತುಶಿಲ್ಪಿ ಸೆನೆನ್‌ಮುತ್ ಎಂದು ಜನಪ್ರಿಯ ಪುಸ್ತಕಗಳು ಸರಳವಾಗಿ ಹೇಳುತ್ತವೆ. ವಾಸ್ತವವು ಅಷ್ಟು ಸರಳವಲ್ಲ. ಹಪುಸೆನೆಬ್, ಜೆಹೂತಿ, ನೆಹೆಸಿ ಮೊದಲಾದವರ ಹೆಸರುಗಳೂ ಈ ನಿರ್ಮಾಣದೊಡನೆ ಸೇರಿಕೊಂಡಿವೆ. ಆದರೂ ಕಾರ್ನಾಕ್‌ನ ಮುತ್ ದೇವಿಯ ಆಲಯದಲ್ಲಿ ದೊರೆತ ಸೆನೆನ್‌ಮುತ್‌ನ ಪ್ರತಿಮೆಯ ಬರಹವು, ಕಾರ್ನಾಕ್, ದೇರ್ ಅಲ್-ಬಹ್ರಿ, ಲಕ್ಸರ್, ಅರ್ಮಾಂತ್‌ಗಳ ಕೆಲಸಗಳನ್ನು ಆತನು ನಡೆಸಿದನೆಂದು ಸ್ಪಷ್ಟವಾಗಿ ಹೇಳುತ್ತದೆ. ಹುಟ್ಟೂರಿನ ದೇವಾಲಯವನ್ನು ಆ ಪಟ್ಟಿಯಲ್ಲಿ ಆತನು ಬಿಟ್ಟಿಲ್ಲ. ಈ ಪ್ರತಿಮೆಯನ್ನು 1896ರಲ್ಲಿ ಪತ್ತೆಹಚ್ಚಿದವರು ಮಾರ್ಗರೆಟ್ ಬೆನ್ಸನ್ ಮತ್ತು ಜಾನೆಟ್ ಗೌರ್ಲೆ. ಈಜಿಪ್ಟಿನಲ್ಲಿ ಉತ್ಖನನದ ಪರವಾನಗಿ ಪಡೆದ ಮೊದಲ ಮಹಿಳೆ ಮಾರ್ಗರೆಟ್ ಬೆನ್ಸನ್.

ದೇರ್ ಅಲ್-ಬಹ್ರಿಯಲ್ಲಿ ಒಂದು ವಿಶೇಷವಿದೆ. ಗೂಡುಗಳ ಮತ್ತು ಗರ್ಭಗೃಹಗಳ ಬಾಗಿಲುಗಳು ತೆರೆದಾಗ ಮರೆಯಾಗುವ ಗೋಡೆಯ ಭಾಗಗಳಲ್ಲಿ, ಪ್ರಾರ್ಥಿಸುತ್ತಿರುವ ಸೆನೆನ್‌ಮುತ್‌ನ ಪುಟ್ಟ ಚಿತ್ರಗಳನ್ನು ಕೆತ್ತಲಾಗಿದೆ. ಇವುಗಳ ಸಂಖ್ಯೆ ಅರುವತ್ತಕ್ಕೂ ಹೆಚ್ಚು. ಪೂಜೆಯ ವೇಳೆ ಬಾಗಿಲು ತೆರೆದಷ್ಟು ಬಾರಿಯೂ ಆತನು ಬಾಗಿಲ ಹಿಂದೆ ನಿಂತು ಪೂಜೆಯಲ್ಲಿ ಪಾಲ್ಗೊಂಡಂತಾಗುತ್ತಿತ್ತು. ಇದನ್ನು ಆತನು ಕದ್ದು ಮಾಡಿಸಿದನೆಂದು ಮೊದಲು ಭಾವಿಸಲಾಗಿತ್ತು. ಆದರೆ ರಾಜಾನುಮತಿಯಿಂದಲೇ ಇವನ್ನು ಕೆತ್ತಲಾಯಿತೆಂಬ ಬರಹವೂ ಅದೇ ದೇವಾಲಯದಲ್ಲಿದೆ.

ಸೆನೆನ್‌ಮುತ್ ತನ್ನ ವಿದ್ವತ್ತಿನ ಬಗ್ಗೆಯೂ ಹೆಮ್ಮೆಯುಳ್ಳವನಾಗಿದ್ದನು. ಆತನ ಕೆಲವು ಪ್ರತಿಮೆಗಳಲ್ಲಿ, ಮಂಡಿಯೂರಿದ ಸೆನೆನ್‌ಮುತ್ ಎತ್ತಿದ ತೋಳುಗಳ ಮೇಲೆ ನಿಂತ ನಾಗರಹಾವೊಂದನ್ನು ಹಿಡಿದಿದ್ದಾನೆ. ಹಾವಿನ ತಲೆಯ ಮೇಲೆ ಸೂರ್ಯಬಿಂಬವಿದೆ. ಇದು ಹತ್ಶೆಪ್ಸುತ್‌ಳ ಸಿಂಹಾಸನನಾಮವನ್ನು ಚಿತ್ರಗಳಿಂದ ಓದಿಸುವ ಒಗಟು. ಇಂತಹ ಗೂಢಾಕ್ಷರಗಳನ್ನು ಹಿಂದಿನವರ ಬರಹಗಳಲ್ಲಿ ಕಾಣದೆ ತಾನೇ ಕಲ್ಪಿಸಿದುದಾಗಿ ಆತನು ಶಾಸನದಲ್ಲಿ ಹೇಳಿಕೊಂಡಿದ್ದಾನೆ.

ಎರಡು ಸಮಾಧಿಗಳು

ಸೆನೆನ್‌ಮುತ್ ವಿವಾಹವಾದ ಬಗ್ಗೆ ಯಾವ ಸ್ಮಾರಕದಲ್ಲಿಯೂ ಉಲ್ಲೇಖವಿಲ್ಲ. ಅಧಿಕಾರಿಗಳ ಸಮಾಧಿಗಳಲ್ಲಿ ಹೆಂಡತಿ ಕುಳಿತಿರಬೇಕಾದ ಜಾಗದಲ್ಲಿ ಆತನ ಸಮಾಧಿಯಲ್ಲಿ ತಂದೆತಾಯಿಗಳೇ ಇದ್ದಾರೆ. ಹುದ್ದೆಗಳು ತಂದೆಯಿಂದ ಮಗನಿಗೆ ಹೋಗುತ್ತಿದ್ದ ಸಮಾಜದಲ್ಲಿ, ಆತನು ಗಳಿಸಿದುದನ್ನು ಮುಂದಕ್ಕೆ ಕೊಂಡೊಯ್ಯಲು ಮಗನಿರಲಿಲ್ಲ ಎಂಬುದು ಮುಂದಿನ ಕಥೆಯ ದೃಷ್ಟಿಯಿಂದ ಮುಖ್ಯವಾದುದು.

ಆತನು ಎರಡು ಸಮಾಧಿಗಳನ್ನು ಕಟ್ಟಿಸಿದನು. ಮೊದಲನೆಯದು ಶೇಖ್ ಅಬ್ದ್ ಅಲ್-ಕುರ್ನಾ ಗುಡ್ಡದ ಎತ್ತರದಲ್ಲಿರುವ, 71ನೆಯ ಸಂಖ್ಯೆಯ ಸಮಾಧಿ. ಇದರ ಕೆಲಸವು 7ನೆಯ ವರ್ಷದಲ್ಲಿ ಆರಂಭವಾಯಿತು. ಕಲ್ಲು ಸಡಿಲವಾಗಿದ್ದುದರಿಂದ ಒಳಭಾಗವು ಬಹಳ ಹಾಳಾಗಿದೆ. ಉಳಿದಿರುವ ಒಂದು ತುಣುಕು ಚಿತ್ರದಲ್ಲಿ ಏಜಿಯನ್ ಸಮುದ್ರದ ದ್ವೀಪಗಳಿಂದ ಬಂದ ದೂತರು ದೊಡ್ಡ ಪಾತ್ರೆಗಳನ್ನು ಹೊತ್ತು ನಡೆಯುತ್ತಿದ್ದಾರೆ. ಗುಡ್ಡದಲ್ಲಿ ದೊರೆತ ಸುಣ್ಣಕಲ್ಲಿನ ಚೂರುಗಳ ಮೇಲೆ ಕೆಲಸಗಾರರ ಹಾಜರಿ, ಸಾಮಗ್ರಿಗಳ ಲೆಕ್ಕ, ಸಾಹಿತ್ಯದ ಪಾಠಗಳ ಪ್ರತಿಗಳು ಕೂಡ ಇವೆ. ಅಪಾರ ಶ್ರಮದಿಂದ ಕಡೆದ ಸ್ಫಟಿಕಶಿಲೆಯ ಶವಪೆಟ್ಟಿಗೆಯೊಂದು ಇಲ್ಲಿ ಸಾವಿರಕ್ಕೂ ಹೆಚ್ಚು ಚೂರುಗಳಾಗಿ ಸಿಕ್ಕಿತು. ಅದರ ಆಕಾರವು ರಾಜಮನೆತನದ ಪೆಟ್ಟಿಗೆಗಳನ್ನು ಹೋಲುತ್ತದೆ.

ಈ ಸಮಾಧಿಯ ಸುತ್ತಲೂ ಆತನ ಪರಿವಾರದವರ ಸಣ್ಣ ಗುಂಡಿಗಳಿದ್ದವು. ಹರ್ಮೋಸ್ ಎಂಬ ಗಾಯಕನನ್ನು ಆತನ ತಂತಿವಾದ್ಯದೊಡನೆ ಹೂಳಲಾಗಿತ್ತು. ಒಂದು ಪುಟ್ಟ ಹೆಣ್ಣು ಕುದುರೆಗೆ ದೊಡ್ಡ ಮರದ ಪೆಟ್ಟಿಗೆ, ಒಂದು ಕೋತಿಗೂ ಒಂದು ಪೆಟ್ಟಿಗೆ ಮಾಡಿಸಲಾಗಿತ್ತು. ಆ ಕಾಲಕ್ಕೆ ಕುದುರೆಯು ಈಜಿಪ್ಟಿನಲ್ಲಿ ಇನ್ನೂ ಶ್ರೀಮಂತರ ಪ್ರಾಣಿ.

ಎರಡನೆಯ ಸಮಾಧಿಯು 353ನೆಯ ಸಂಖ್ಯೆಯದು. ದೇರ್ ಅಲ್-ಬಹ್ರಿಯ ದೇವಾಲಯದ ಸಮೀಪದ ಕಲ್ಲುಗಣಿಯಿಂದ ಆರಂಭವಾಗಿ 90 ಮೀಟರಿಗೂ ಹೆಚ್ಚು ದೂರ ಇಳಿಜಾರಾಗಿ ನೆಲದೊಳಕ್ಕೆ ಸಾಗುವ ಈ ಸುರಂಗವನ್ನು 1927ರಲ್ಲಿ ಹರ್ಬರ್ಟ್ ವಿನ್‌ಲಾಕ್ ಪತ್ತೆಮಾಡಿದರು. ಒಳಗಿನ ಮೂರು ಕೋಣೆಗಳಲ್ಲಿ ಒಂದಕ್ಕೆ ಮಾತ್ರ ಅಲಂಕಾರ ಪೂರ್ಣಗೊಂಡಿದೆ. ಅದರ ಚಾವಣಿಯಲ್ಲಿರುವುದು ಈಜಿಪ್ಟಿನಲ್ಲಿ ದೊರೆತಿರುವ ಅತ್ಯಂತ ಹಳೆಯ ಖಗೋಳ ಚಿತ್ರ. 12 ತಿಂಗಳುಗಳನ್ನು ಸೂಚಿಸುವ 12 ವೃತ್ತಗಳು, ಉತ್ತರದ ನಕ್ಷತ್ರಪುಂಜಗಳು, ರಾತ್ರಿಯ ಕಾಲವನ್ನು ಅಳೆಯುವ ನಕ್ಷತ್ರಗಳ ಸಾಲು, ಗುರು, ಶನಿ, ಬುಧ, ಶುಕ್ರ ಗ್ರಹಗಳು ಅದರಲ್ಲಿವೆ. ಸುರಂಗದ ಗೋಡೆಯ ಮೇಲೆ ಚಿತ್ರಕಾರನೊಬ್ಬನು ಶಾಯಿಯಿಂದ ಬರೆದ ಸೆನೆನ್‌ಮುತ್‌ನ ಮುಖದ ರೇಖಾಚಿತ್ರವಿದೆ. ಕೊಕ್ಕೆಮೂಗು, ಬಾಯಿಯ ಬಳಿ ಆಳವಾದ ಗೆರೆಗಳುಳ್ಳ ಆ ಮುಖವು ಪ್ರತಿಮೆಗಳ ನುಣುಪಾದ ಮುಖಕ್ಕಿಂತ ಬೇರೆಯೇ ಆಗಿದೆ.

ಕಣ್ಮರೆ ಮತ್ತು ಅಳಿಸಿದ ಹೆಸರು

11ನೆಯ ವರ್ಷದಲ್ಲಿ ಸಿನಾಯ್ ಪ್ರದೇಶದ ಸೆರಾಬಿತ್ ಅಲ್-ಖಾದಿಮ್‌ನಲ್ಲಿ ನಿಲ್ಲಿಸಿದ ಶಿಲಾಫಲಕವೊಂದರಲ್ಲಿ ನೆಫೆರೂರೆಯೂ ಆಕೆಯ ಹಿಂದೆ ಸೆನೆನ್‌ಮುತ್‌ನೂ ಇದ್ದಾರೆ. ರಾಜಕುಮಾರಿಯ ಬಗ್ಗೆ ಅನಂತರದ ನಿಶ್ಚಿತ ದಾಖಲೆಗಳಿಲ್ಲ. ಸೆನೆನ್‌ಮುತ್‌ನ ಹೆಸರು 16ನೆಯ ವರ್ಷದ ಸುಮಾರಿನವರೆಗೆ ಕಾಣಿಸಿಕೊಂಡು ಆಮೇಲೆ ನಿಂತುಹೋಗುತ್ತದೆ. ಹತ್ಶೆಪ್ಸುತ್ 22ನೆಯ ವರ್ಷದವರೆಗೂ ಆಳಿದಳು.

ಆತನ ಹೆಸರನ್ನು ಅನೇಕ ಕಡೆ ಉಳಿಯಿಂದ ಕೆತ್ತಿ ಅಳಿಸಲಾಗಿದೆ. ಇದನ್ನು ಕಂಡ ವಿನ್‌ಲಾಕ್ ಮೊದಲಾದವರು ಒಂದು ನಾಟಕೀಯ ಕಥೆಯನ್ನು ಕಟ್ಟಿದರು. ಸೆನೆನ್‌ಮುತ್ ರಾಣಿಯ ದೇವಾಲಯದಲ್ಲಿ ಗುಟ್ಟಾಗಿ ತನ್ನ ಚಿತ್ರಗಳನ್ನು ಕೆತ್ತಿಸಿ, ಅದರ ಆವರಣದಲ್ಲಿಯೇ ಗುಟ್ಟಾಗಿ ಸಮಾಧಿ ತೋಡಿಸಿದನು. ರಾಣಿಗೆ ಇದು ತಿಳಿದು ಕೋಪಗೊಂಡು ಅವನನ್ನು ಉರುಳಿಸಿದಳು ಎಂಬುದು ಆ ಕಥೆ. 1988ರಲ್ಲಿ ಪ್ರಕಟವಾದ ಪೀಟರ್ ಡಾರ್ಮನ್ ಅವರ ಅಧ್ಯಯನವು ಇದನ್ನು ಬಹುಮಟ್ಟಿಗೆ ಅಲ್ಲಗಳೆಯಿತು. ಹಾನಿಯು ಎಲ್ಲೆಡೆ ಒಂದೇ ರೀತಿಯಾಗಿಲ್ಲ. ಕೆಲವು ಪ್ರತಿಮೆಗಳಲ್ಲಿ ಹೆಸರು ಅಳಿದಿದೆ, ಕೆಲವುಗಳಲ್ಲಿ ಸುರಕ್ಷಿತವಾಗಿದೆ. ಹತ್ಶೆಪ್ಸುತ್‌ಳ ಹೆಸರನ್ನು ಅಳಿಸುವ ಕೆಲಸವನ್ನು ಮೂರನೆಯ ಥುಟ್ಮೋಸನು ಕೈಗೊಂಡದ್ದು ಆಕೆಯ ಮರಣದ ಸುಮಾರು 20 ವರ್ಷಗಳ ಬಳಿಕ. ಪಕ್ಕದಲ್ಲಿದ್ದ ಸೇವಕನ ಹೆಸರಿಗೂ ಆಗ ಪೆಟ್ಟು ಬಿದ್ದಿರಬಹುದು. ಇನ್ನೂ ಒಂದು ಶತಮಾನದ ಅನಂತರ, ಅಖೆನಾತೆನ್‌ನ ಕಾಲದಲ್ಲಿ ಅಮುನ್ ಮತ್ತು ಮುತ್ ಎಂಬ ದೇವನಾಮಗಳನ್ನು ಎಲ್ಲೆಡೆ ಅಳಿಸಿದಾಗ ಸೆನೆನ್‌ಮುತ್ ಎಂಬ ಹೆಸರಿನ ಕೊನೆಯ ಭಾಗವೂ ಅದಕ್ಕೆ ಸಿಲುಕಿತು. ತಂದೆತಾಯಿಗಳ ಕೋಣೆಯನ್ನು ಯಾರೂ ಮುಟ್ಟಲಿಲ್ಲ.

ರಾಣಿಗೂ ಸೆನೆನ್‌ಮುತ್‌ನಿಗೂ ಪ್ರಣಯ ಸಂಬಂಧವಿತ್ತೆಂಬ ಮಾತು ಕಾದಂಬರಿಗಳಲ್ಲಿಯೂ ದೂರದರ್ಶನದ ಕಾರ್ಯಕ್ರಮಗಳಲ್ಲಿಯೂ ಬಹಳ ಪ್ರಚಾರ ಪಡೆದಿದೆ. ಇದಕ್ಕೆ ಆಧಾರವಾಗಿ ತೋರಿಸುವುದು ದೇವಾಲಯದ ಮೇಲಿನ ಬಂಡೆಯ ಗುಹೆಯೊಂದರಲ್ಲಿ ಯಾರೋ ಗೀಚಿದ ಅಶ್ಲೀಲ ಚಿತ್ರವನ್ನು. ಆ ಚಿತ್ರದ ಇಬ್ಬರಿಗೂ ಹೆಸರು ಬರೆದಿಲ್ಲ. ಪುರುಷ ಫೇರೋಗಳ ಮೆಚ್ಚಿನ ಅಧಿಕಾರಿಗಳ ಏಳಿಗೆಗೆ ಇಂತಹ ಕಾರಣವನ್ನು ಯಾರೂ ಹುಡುಕುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಕಣಜ, ಹೊಲ, ಗಣಿ, ಕಟ್ಟಡಗಳ ಆಡಳಿತವನ್ನು ಒಬ್ಬನೇ ನಿಭಾಯಿಸಬಲ್ಲ ಸಾಮರ್ಥ್ಯ ಮತ್ತು ಹಳೆಯ ಮನೆತನಗಳಿಗೆ ಋಣಿಯಾಗಿರದ ನಿಷ್ಠೆ, ಇವೇ ಆತನ ಏಳಿಗೆಯನ್ನು ವಿವರಿಸಲು ಸಾಕು. ಆ ಏಳಿಗೆಯ ದೌರ್ಬಲ್ಯವೂ ಅಲ್ಲಿಯೇ ಇತ್ತು. ವಜೀರನ ಪೀಠವು ಉಸೆರಾಮುನ್‌ನಿಂದ ರೆಖ್ಮಿರೆಗೆ ಹೋದಂತೆ, ಸೆನೆನ್‌ಮುತ್‌ನ ಹುದ್ದೆಗಳು ಆತನ ಮನೆಯಲ್ಲಿ ಉಳಿಯಲಿಲ್ಲ. ಆತನ ಸಹೋದರರಲ್ಲಿ ಯಾರೂ ಆ ಎತ್ತರಕ್ಕೆ ಏರಲಿಲ್ಲ.

ಸಂಗ್ರಹಾಲಯಗಳಲ್ಲಿ

ಸೆನೆನ್‌ಮುತ್‌ನ ಪ್ರತಿಮೆಗಳು ಇಂದು ಕೈರೋ, ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯ, ಬರ್ಲಿನ್, ಷಿಕಾಗೋ, ಬ್ರೂಕ್ಲಿನ್ ಮುಂತಾದ ಕಡೆ ಹಂಚಿಹೋಗಿವೆ. ಮಗುವನ್ನು ಎತ್ತಿಕೊಂಡು ನಿಂತಿರುವ ಪ್ರತಿಮೆಯು ಷಿಕಾಗೋ ನಗರದ ಫೀಲ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಹತ್ನೋಫೆರಳ ಹೃದಯ ಜೀರುಂಡೆ ಮತ್ತು ಆಕೆ ಕುಳಿತುಕೊಳ್ಳುತ್ತಿದ್ದ, ಹೆಣೆದ ಆಸನದ ತಗ್ಗು ಕುರ್ಚಿಯನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಕಾಣಬಹುದು. ಸೆನೆನ್‌ಮುತ್‌ನ ಒಡೆದ ಶವಪೆಟ್ಟಿಗೆಯ ಚೂರುಗಳೂ ಅಲ್ಲಿಯೇ ಇವೆ. ಆತನ ದೇಹವು ಎರಡು ಸಮಾಧಿಗಳಲ್ಲಿ ಯಾವುದರಲ್ಲಿಯೂ ದೊರೆಯಲಿಲ್ಲ.